ನೆಲಮಾಳಿಗೆಗೆ ಇಳಿದವರೆಲ್ಲ

"ಕೈ ಎತ್ತು," ಅಂದಳು ಉಮ್ಮ್ ಕರ್ರಾರ್.

ಬಶೀರಾ ಎತ್ತಿದಳು. ಎಡಗೈ ಮೇಲೆ ಹೋಯಿತು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು.

"ಇನ್ನೂ ಮೇಲೆ."

"ಬರಲ್ಲ ಕಣೇ. ದಿನಾ ಹೇಳ್ತೀನಿ."

"ದಿನಾ ನಾನೂ ಕೇಳ್ತೀನಿ. ಅದಕ್ಕೇ ತಾನೆ ನನಗೆ ಸಂಬಳ ಕೊಡೋದು. ಇನ್ನೂ ಮೇಲೆ."

ಕಾಲೇಜಿನ ಗೇಟಿನ ಪಕ್ಕದಲ್ಲಿ ಒಂದು ತಗಡಿನ ಗೂಡು. ಅದಕ್ಕೊಂದು ಪರದೆ. ಒಳಗೆ ಒಂದು ಸ್ಟೂಲು, ಒಂದು ಸತ್ತ ಫ್ಯಾನು. ಬಸ್ರಾದ ಬೇಸಿಗೆಯಲ್ಲಿ ಆ ತಗಡಿಗೆ ಬೆನ್ನು ತಾಗಿದರೆ ಚರ್ಮ ಎದ್ದು ಬರುತ್ತಿತ್ತು. ಉಮ್ಮ್ ಕರ್ರಾರಳ ಕೈ ಬಶೀರಾಳ ಕಂಕುಳಿಗೆ ಹೋಯಿತು. ಎದೆಯ ಕೆಳಗೆ ಹೋಯಿತು. ಸೊಂಟ ಸುತ್ತಿತು. ಮೈತುಂಬ ಹೊದ್ದ ಕರಿ ಅಬಾಯದ ಅಂಚನ್ನು ಹಿಂಡಿ ನೋಡಿತು. ಕೊನೆಗೆ ತಲೆವಸ್ತ್ರದೊಳಗೆ ಬೆರಳು ತೂರಿಸಿ ಗುಂಗುರು ಕೂದಲನ್ನು ಕೆದಕಿತು. ಆ ಕೂದಲಲ್ಲಿ ಏನು ಬೇಕಾದರೂ ಅಡಗಿಸಬಹುದು ಅಂತ ಯಾರೋ ಮೇಲಿನವರು ಹೇಳಿಕೊಟ್ಟಿದ್ದರಂತೆ.

"ಇವತ್ತು ಲೈಬ್ರರಿಯ ಒಂದು ಗೋಡೆಯಾದ್ರೂ ಹೊತ್ಕೊಂಡು ಬಂದಿರ್ತೀಯ ಅಂದ್ಕೊಂಡಿದ್ದೆ," ಅಂತ ನಕ್ಕಳು ಉಮ್ಮ್ ಕರ್ರಾರ್. ಕೆಟ್ಟ ಹೆಂಗಸೇನಲ್ಲ. ಹುಡುಕಿದ ಮೇಲೆ ಎಷ್ಟೋ ಸಲ ತನ್ನ ಫ್ಲಾಸ್ಕಿನಿಂದ ಒಣನಿಂಬೆ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಆದರೆ ಮೊದಲು ಹುಡುಕುತ್ತಿದ್ದಳು.

ಪರದೆಯ ಆಚೆಗೆ ಪ್ರೊಫೆಸರುಗಳು ಹೋಗುತ್ತಿದ್ದರು. ಅವರ ಕೈಯಲ್ಲಿ ಚರ್ಮದ ಬ್ಯಾಗುಗಳಿದ್ದವು. ಒಂದೊಂದು ಬ್ಯಾಗಿನಲ್ಲಿ ಕುರಿಮರಿ ಹಿಡಿಸುತ್ತಿತ್ತು. ಯಾರೂ ಅವರನ್ನು ನಿಲ್ಲಿಸುತ್ತಿರಲಿಲ್ಲ. ಹುಡುಗ ಹುಡುಗಿಯರನ್ನೂ ನಿಲ್ಲಿಸುತ್ತಿರಲಿಲ್ಲ. ಇಡೀ ಕಾಲೇಜಿನಲ್ಲಿ ಹೊರಗೆ ಹೋಗುವಾಗ ಕೈ ಎತ್ತಬೇಕಾದವಳು ಬಶೀರಾ ಒಬ್ಬಳೇ.

ಗೂಡಿನ ನೆತ್ತಿಯ ಮೇಲೆ ಒಂದು ಬೋರ್ಡು ಇತ್ತು. ಬಿಸಿಲಿಗೆ ಬಣ್ಣ ಹೋಗಿತ್ತು, ಅಕ್ಷರ ಉಳಿದಿತ್ತು. ಅದರ ಮಾತು ಆಮೇಲೆ.

ಬಶೀರಾ ಕೆಲಸ ಮಾಡುತ್ತಿದ್ದದ್ದು ಆ ಕಾಲೇಜಿನ ಲೈಬ್ರರಿಯ ನೆಲಮಾಳಿಗೆಯಲ್ಲಿ. ಹಳೆಯ ಪತ್ರಿಕೆಗಳು ಅಲ್ಲಿದ್ದವು. ವಾರಪತ್ರಿಕೆ, ಮಾಸಪತ್ರಿಕೆ, ಕೃಷಿಯದ್ದು, ಚರಿತ್ರೆಯದ್ದು, ವೈದ್ಯದ್ದು, ವರ್ಷ ವರ್ಷದ್ದು ಸೇರಿಸಿ ರಟ್ಟು ಹಾಕಿ ಬೈಂಡು ಮಾಡಿದ್ದು. ಒಂದೊಂದು ಸಂಪುಟ ಎತ್ತಿದರೆ ಕೂಸು ಎತ್ತಿದ ಹಾಗೆ. ಆ ಕಪಾಟುಗಳ ಹತ್ತಿರ ಓದುವವರು ಯಾರೂ ಬರುವ ಹಾಗಿರಲಿಲ್ಲ. ಕಬ್ಬಿಣದ ಬಾಗಿಲು, ಅದಕ್ಕೆ ಬೀಗ. ಮೇಲಿನ ಹಾಲಿನಲ್ಲಿ ಫ್ಯಾನಿನ ಕೆಳಗೆ ಕೂತು ಚೀಟಿ ಬರೆಯಬೇಕು. ಚೀಟಿಯನ್ನು ಖರ್ಜೂರದ ಗರಿಯ ಬುಟ್ಟಿಯಲ್ಲಿ ಹಾಕಿ ಹಗ್ಗ ಇಳಿಬಿಡುತ್ತಿದ್ದರು. ಹಗ್ಗ ಜಗ್ಗಿದರೆ ಕೆಳಗೆ ಗಂಟೆ ಬಡಿಯುತ್ತಿತ್ತು. ಚೀಟಿ ಬುಟ್ಟಿಯಲ್ಲಿ ಇಳಿಯುತ್ತಿತ್ತು. ಸಂಪುಟ ಬಶೀರಾಳ ಮೈಮೇಲೆ ಹತ್ತುತ್ತಿತ್ತು.

ಪುಸ್ತಕ ಏರಿಸಲು ಒಂದು ಚಿಕ್ಕ ಲಿಫ್ಟು ಇತ್ತು, ಇಲ್ಲ ಅಂತಲ್ಲ. ಅದರ ಮೋಟರು ಕೆಟ್ಟಿರಲೂ ಇಲ್ಲ. ಹಿಂದಿನ ಡೀನರ ಮನೆಯ ನೀರಿನ ಪಂಪು ಸುಟ್ಟುಹೋದಾಗ ಅದನ್ನು ಬಿಚ್ಚಿಕೊಂಡು ಹೋದರು. ಎರಡು ದಿನಕ್ಕೆ ಅಂದರು. ಡೀನರು ತೀರಿಕೊಂಡರು, ಮೋಟರು ಈಗಲೂ ಅವರ ತೋಟಕ್ಕೆ ನೀರು ಎತ್ತುತ್ತಿದೆ. ಬಶೀರಾ ಮೆಟ್ಟಿಲು ಹತ್ತುತ್ತಿದ್ದಾಳೆ.

ಹತ್ತಿದ ಮೇಲೂ ಹಾಲಿನ ಒಳಗೆ ಕಾಲಿಡುವ ಹಾಗಿರಲಿಲ್ಲ. ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯಲ್ಲಿ ಸಂಪುಟ ತೂರಿಸಬೇಕು, ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಅಲ್ಲಿ ಓದಿ ಡಾಕ್ಟರೇಟು ಮಾಡಿ ಹೋದ ಎಷ್ಟೋ ಜನ ಅವಳ ಮುಖ ನೋಡಿಯೇ ಇರಲಿಲ್ಲ. ಎರಡು ಕರಿ ಕೈಗಳನ್ನು ನೋಡಿದ್ದರು, ಅಷ್ಟೆ. ತಡವಾದರೆ ಮೇಜು ಕುಟ್ಟಿ ಕೂಗುತ್ತಿದ್ದರು, "ಆ ಅಬ್ದಳು ಎಲ್ಲಿ ಸತ್ತಳು?" ಅಬ್ದ ಅಂದರೆ ಗುಲಾಮ. ಬಸ್ರಾದಲ್ಲಿ ಕಪ್ಪಗಿದ್ದವರನ್ನೆಲ್ಲ ಹಾಗೇ ಕರೆಯುವುದು. ಕೇಳಿದರೆ, ಅಯ್ಯೋ, ಅದು ಪ್ರೀತಿಗೆ ಅನ್ನೋದಮ್ಮ, ತಪ್ಪು ತಿಳ್ಕೋಬೇಡ ಅನ್ನುತ್ತಾರೆ. ಅವರ ಪ್ರೀತಿಗೆ ಬೆಂಕಿ ಬೀಳ.

ಮೊದಲು ಇಬ್ಬರಿದ್ದರು. ಫರಜ್ ಅಂತ ಇನ್ನೊಬ್ಬ, ಅವಳದೇ ಕೇರಿಯವನು. ಒಂದು ದಿನ ವೈದ್ಯ ಪತ್ರಿಕೆಯ ಆರು ಸಂಪುಟ ಎದೆಗೆ ಅವಚಿಕೊಂಡು ಹತ್ತುವಾಗ ಕರೆಂಟು ಹೋಯಿತು. ಕತ್ತಲಲ್ಲಿ ಕಾಲು ಜಾರಿತು. ಬಿದ್ದವನ ಸೊಂಟ ಮುರಿದ ಸದ್ದು ಬಶೀರಾಗೆ ಕೇಳಿಸಿತ್ತು. ಮೇಲಿನಿಂದ ಟಾರ್ಚು ಹಿಡಿದು ಜನ ಓಡಿ ಬಂದರು. ಬೆಳಕು ಮೊದಲು ಬಿದ್ದದ್ದು ಸಂಪುಟಗಳ ಮೇಲೆ. ರಟ್ಟು ಹರಿದಿದೆಯಾ, ಮೂಲೆ ಮಡಿಚಿದೆಯಾ ನೋಡಿದರು. ಆಮೇಲೆ ಫರಜನ ಕಡೆ ತಿರುಗಿದರು. ಇವತ್ತಿಗೂ ಅವನು ಚಾಪೆ ಬಿಟ್ಟು ಎದ್ದಿಲ್ಲ. ಅವನ ಜಾಗಕ್ಕೆ ಬೇರೆ ಯಾರನ್ನೂ ಹಾಕಲಿಲ್ಲ. ಅವನ ಪಾಲಿನ ಮೆಟ್ಟಿಲೂ ಬಶೀರಾಗೇ ಬಂತು, ಮೊಣಕಾಲು ಸವೆಯಿತು, ಭುಜ ಕಚ್ಚಿಕೊಂಡಿತು.

ಭಾರ ಹೊರುವುದು ಬಿಟ್ಟು ಅವಳಿಗೆ ಇನ್ನೊಂದು ಕೆಲಸ ಇತ್ತು. ಉಪ್ಪು ಕೆರೆಯುವುದು. ಬಸ್ರಾದ ಮಣ್ಣೇ ಉಪ್ಪು. ನೆಲದೊಳಗಿನ ನೀರು ಗೋಡೆ ಹತ್ತಿ, ಒಣಗಿ, ಬೆಳ್ಳಗೆ ಬೂಷ್ಟಿನ ಹಾಗೆ ನಿಲ್ಲುತ್ತಿತ್ತು. ಬಿಟ್ಟರೆ ಕಪಾಟು ತಿಂದು ಕಾಗದಕ್ಕೆ ಬಾಯಿ ಹಾಕುತ್ತಿತ್ತು. ಬಶೀರಾ ಒಂದು ಮೊಂಡು ಚಾಕು ಹಿಡಿದು ಕೂತು ಅದನ್ನು ಕೆರೆಯುತ್ತಿದ್ದಳು. ಉಗುರಿನ ಬುಡದಲ್ಲಿ ಉಪ್ಪು ಸೇರಿ ಉರಿಯುತ್ತಿತ್ತು. ಮನೆಗೆ ಹೋಗಿ ಹಿಟ್ಟು ನಾದಿದರೆ ಉಪ್ಪೇ ಹಾಕಬೇಕಾಗಿಲ್ಲ ಅಂತ ತನಗೆ ತಾನೇ ಹೇಳಿಕೊಂಡು ನಗುತ್ತಿದ್ದಳು.

ಇನ್ನೂ ಒಂದು ಕೆಲಸ ಇತ್ತು, ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಶೀರಾ ಓದುತ್ತಿದ್ದಳು.

ಚಿಕ್ಕವಳಾಗಿದ್ದಾಗ ಶಾಲೆ ದಕ್ಕಲಿಲ್ಲ. ಹೋದ ಎರಡನೇ ವಾರಕ್ಕೇ ಪಕ್ಕದ ಹುಡುಗಿಯ ಅಮ್ಮ ಬಂದು ಬೆಂಚು ಬದಲಾಯಿಸಿ ಅಂದಳು. ಮೇಷ್ಟ್ರು ಬದಲಾಯಿಸಿದರು. ಹಿಂದಿನ ಬೆಂಚು, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಮನೆ. ನಲವತ್ತು ದಾಟಿದ ಮೇಲೆ ಕೇರಿಯಲ್ಲಿ ಯಾರೋ ಸಂಜೆ ಶಾಲೆ ಮಾಡಿದಾಗ ಹೋಗಿ ಕೂತಳು. ಅಕ್ಷರ ಅಲ್ಲಿ ಸಿಕ್ಕಿತು. ಅದು ಹದವಾದದ್ದು ನೆಲಮಾಳಿಗೆಯಲ್ಲಿ. ಚೀಟಿ ಬರದ ಹೊತ್ತಿನಲ್ಲಿ ಬಲ್ಬಿನ ಕೆಳಗೆ ಕೂತು, ಬೆರಳಿಟ್ಟು, ತುಟಿ ಅಲುಗಿಸುತ್ತ ಓದಿದಳು. ಖರ್ಜೂರದ ಹುಳದ ಬಗ್ಗೆ ಓದಿದಳು. ಮಕ್ಕಳ ಭೇದಿಗೆ ಮದ್ದು ಓದಿದಳು. ಅರ್ಥವಾಗದ್ದನ್ನೂ ಓದಿದಳು. ಓದುವಾಗ ಭುಜದ ನೋವು ಮರೆತುಹೋಗುತ್ತಿತ್ತು.

ಹಾಗೆ ಓದುವಾಗಲೇ ಅದು ಸಿಕ್ಕಿದ್ದು. ಚರಿತ್ರೆಯ ಪತ್ರಿಕೆ, ಹಳೆಯದು. ಸಾವಿರ ವರ್ಷಕ್ಕೂ ಹಿಂದೆ ಇದೇ ಬಸ್ರಾದ ಸುತ್ತಿನ ಜೌಗಿನಲ್ಲಿ ಕರಿಯ ಗುಲಾಮರ ಕೈಯಲ್ಲಿ ಉಪ್ಪು ಕೆರೆಸುತ್ತಿದ್ದರಂತೆ. ನೆಲದ ಮೇಲಿನ ಉಪ್ಪಿನ ಪದರ ಎತ್ತಿ ಎತ್ತಿ ಗುಡ್ಡ ಹಾಕಬೇಕು, ಕೆಳಗಿನ ಮಣ್ಣು ದೊರೆಗಳ ಬೆಳೆಗೆ. ತಿನ್ನಲು ಹಿಡಿ ಹಿಟ್ಟು, ಒಂದಿಷ್ಟು ಖರ್ಜೂರ. ಒಂದು ದಿನ ಅವರು ಸಲಿಕೆ ಬಿಸಾಕಿದರು. ಹದಿನಾಲ್ಕು ವರ್ಷ ರಾಜರ ಸೈನ್ಯಕ್ಕೆ ಎದುರು ನಿಂತರು. ಬಶೀರಾ ಓದುತ್ತ ಓದುತ್ತ ತನ್ನ ಕೈಯ ಕಡೆ ನೋಡಿಕೊಂಡಳು. ಚಾಕು ಪಕ್ಕದಲ್ಲೇ ಇತ್ತು, ಉಪ್ಪು ಹತ್ತಿಕೊಂಡು.

ಆ ಶುಕ್ರವಾರ ಕೇರಿಯವರೆಲ್ಲ ಹಾಡು ಕುಣಿತಕ್ಕೆ ಸೇರುವ ಡೋಲು ಮನೆಯಲ್ಲಿ, ಡೋಲುಗಳನ್ನು ಬೆಂಕಿಗೆ ಹಿಡಿದು ಹದ ಮಾಡುತ್ತಿದ್ದವರ ಮಧ್ಯೆ ಕೂತು ಅವಳು ಇದನ್ನೆಲ್ಲ ಬಾಯಲ್ಲಿ ಹೇಳಿದಳು. ಮುದುಕರು ಬಾಯಿ ಬಿಟ್ಟುಕೊಂಡು ಕೇಳಿದರು. ಮರ್ಜೂಕ್ ಅಜ್ಜ ಅಂತ, ಡೋಲು ಮನೆಯ ಯಜಮಾನ, ಕೈಯಲ್ಲಿದ್ದ ಡೋಲನ್ನು ಬದಿಗಿಟ್ಟ.

"ಆ ಹಾಳೆ ತಂದು ತೋರಿಸ್ತೀಯಾ ಮಗಳೇ?" ಅಂದ.

"ತರೋ ಹಾಗಿಲ್ಲ ಅಜ್ಜ. ಅದು ಅಲ್ಲೇ ಇರಬೇಕು. ಬೇಕಾದಾಗ ನಾನು ಹೇಳ್ತೀನಲ್ಲ."

ಇದು ಎರಡು ವರ್ಷದ ಹಿಂದಿನ ಮಾತು.

ಈ ವರ್ಷ ಹುಡುಗರು ಗಲಾಟೆ ಎಬ್ಬಿಸಿದರು. ಪತ್ರಿಕೆಗಳ ಕಪಾಟು ತೆರೆದಿಡಿ, ನಾವೇ ಹೋಗಿ ನೋಡ್ಕೋತೀವಿ ಅಂದರು. ಅವರ ಮುಂದಾಳು ತೈಬಾ ಅಂತ ಒಬ್ಬ ಹುಡುಗಿ, ಹಡಗುಕಟ್ಟೆಯ ಕೂಲಿಯವನ ಮಗಳು, ಬಾಯಿ ಜೋರು.

"ಚೀಟಿಯಲ್ಲಿ ಪತ್ರಿಕೆ ಹೆಸರು ಬರೀಬೇಕು, ವರ್ಷ ಬರೀಬೇಕು, ಪುಟ ಬರೀಬೇಕು, ಅದಕ್ಕೆ ಪ್ರೊಫೆಸರ್ ರುಜು ಹಾಕಬೇಕು," ಅಂತ ಕಿಂಡಿಗೆ ಬಾಯಿಟ್ಟು ಬಶೀರಾಗೆ ಹೇಳಿದ್ದಳು. "ಒಳಗೇನಿದೆ ಅಂತಲೇ ಗೊತ್ತಿಲ್ಲದೋಳು ಏನಂತ ಬರೀಲಿ, ಖಾಲಾ? ನಮ್ಮಪ್ಪ ಏನು ಪ್ರೊಫೆಸರಾ, ಮನೇಲಿ ಕೂತು ಹೇಳಿಕೊಡೋಕೆ?"

ಆ ಹುಡುಗಿ ಒಬ್ಬಳೇ ಅವಳನ್ನು ಖಾಲಾ, ಚಿಕ್ಕಮ್ಮ, ಅಂತ ಕರೆಯುತ್ತಿದ್ದದ್ದು.

ಹೊಸ ಡೀನರಿಗೆ ತಲೆನೋವಾಯಿತು. ಸಮಿತಿ ಮಾಡಿದರು. ಸಮಿತಿಗೆ ಇಬ್ತಿಹಾಲ್ ಮೇಡಂ ಯಜಮಾನಿ. ಚರಿತ್ರೆಯ ಪ್ರೊಫೆಸರ್, ಒಳ್ಳೆಯ ಮಾತುಗಾರ್ತಿ, ಯಾರಿಗೂ ಗದರಿದವರಲ್ಲ. ಕಪಾಟು ತೆರೆಯುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ತೆರೆದರೆ ಹುಡುಗರು ಹರಿಯುತ್ತಾರೆ, ಕದಿಯುತ್ತಾರೆ, ಅದಕ್ಕೆ ರುಜುವಾತು ಇದೆ ಅಂದರು. ರುಜುವಾತಿಗೆ ಒಂದು ಸಂಪುಟ ಮೇಜಿನ ಮೇಲಿಟ್ಟರು. ಅದೇ ಚರಿತ್ರೆಯ ಪತ್ರಿಕೆ. ಉಪ್ಪು ಕೆರೆದವರ ಲೇಖನ ಇದ್ದ ಜಾಗದಲ್ಲಿ ಲೇಖನ ಇರಲಿಲ್ಲ. ಹಾಳೆಗಳನ್ನು ಬುಡಕ್ಕೆ ನೀಟಾಗಿ ಕತ್ತರಿಸಿ ತೆಗೆದಿದ್ದರು.

ಬಶೀರಾಗೆ ಕರೆ ಬಂತು. ಮೊಟ್ಟಮೊದಲ ಸಲ ಹಾಲಿನ ಬಾಗಿಲಿನಿಂದ ಒಳಗೆ ಹೋದಳು. ಐದು ಜನ ಕೂತಿದ್ದರು. ಅವಳಿಗೆ ಕುರ್ಚಿ ಹಾಕಿರಲಿಲ್ಲ.

"ನಾನು ಯಾರ ಮೇಲೂ ಅಪವಾದ ಹೊರಿಸ್ತಿಲ್ಲ," ಅಂದರು ಇಬ್ತಿಹಾಲ್ ಮೇಡಂ. "ಯೋಚನೆ ಮಾಡೋಣ, ಅಷ್ಟೆ. ಕೆಳಗೆ ಹೋಗೋದು ಈಕೆ ಒಬ್ಬಳೇ. ಈಕೆ ಹತ್ತಿರ ಚಾಕು ಇದೆ. ಲೇಖನ ಇರೋದು ಈಕೆಯ ಜನರ ಬಗ್ಗೆ. ಬೇರೆ ಯಾರಿಗೆ ಬೇಕಾಗಿತ್ತು ಅದು?"

"ಸಂಪುಟ ಮೇಲಕ್ಕೂ ಬರ್ತಿತ್ತಲ್ಲ ಮೇಡಂ," ಅಂದಳು ಬಶೀರಾ. "ಎಷ್ಟೋ ಜನ ತರಿಸ್ಕೊಂಡಿದ್ದಾರೆ. ನೀವೂ ತರಿಸ್ಕೊಂಡಿದ್ದೀರಿ."

ಐದು ಮುಖಗಳೂ ಒಮ್ಮೆಗೇ ಅವಳ ಕಡೆ ತಿರುಗಿದವು. ಕುರ್ಚಿ ಬಾಯಿಬಿಟ್ಟು ಮಾತಾಡಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ.

"ಅಂದ್ರೆ ಪ್ರೊಫೆಸರುಗಳು ಹಾಳೆ ಕದ್ದರು ಅಂತೀಯಾ?" ಅಂದ ಒಬ್ಬ.

"ನಾನು ಯಾರು ಕದ್ದರು ಅಂತ ಹೇಳಲಿಲ್ಲ. ನಾನು ಕದ್ದಿಲ್ಲ ಅಂತಿದ್ದೀನಿ. ದಿನಾ ಸಂಜೆ ನನ್ನ ಮೈಯೆಲ್ಲ ತಡಕ್ತೀರಿ. ಒಂದು ದಿನ ಒಂದು ಚೂರು ಕಾಗದ ಸಿಕ್ಕಿದ್ಯಾ?"

ಅವಳನ್ನು ಹೊರಗೆ ನಿಲ್ಲಿಸಿ ಅವರು ಚಹಾ ಕುಡಿದರು.

ಆಮೇಲೆ ಲೈಬ್ರರಿಯ ಮುಖ್ಯಸ್ಥ ಸಬ್ರಿ ಸಾಹೇಬರು ಹೊರಗೆ ಬಂದರು. ಮೆತ್ತನೆಯ ಮನುಷ್ಯ. ಹಣೆಯ ಬೆವರು ಒರೆಸಿಕೊಳ್ಳುವುದೇ ಅವರ ಅರ್ಧ ಕೆಲಸ. ಬಶೀರಾಳನ್ನು ಕಂಬದ ಮರೆಗೆ ಕರೆದುಕೊಂಡು ಹೋದರು. ಕೈಯಲ್ಲಿ ಒಂದು ಹಾಳೆ, ಇನ್ನೊಂದರಲ್ಲಿ ಶಾಯಿಯ ಡಬ್ಬಿ.

"ಎಲ್ಲಾ ಸರಿ ಮಾಡಿದ್ದೀನಿ, ಬಶೀರಾ. ನಿನ್ನ ಕೆಲಸಕ್ಕೆ ಏನೂ ಆಗಲ್ಲ. ಇದಕ್ಕೊಂದು ಹೆಬ್ಬೆಟ್ಟು ಒತ್ತಿಬಿಡು."

"ಏನು ಬರೆದಿದೆ?"

"ನೀನೇನೂ ತಲೆ ಕೆಡಿಸ್ಕೋಬೇಡ. ನಿನಗೆ ಓದು ಬರಹ ಬರಲ್ಲ ಅಂತ. ಬೆಲೆ ಗೊತ್ತಿಲ್ಲದೆ ಹರಿದು ರೊಟ್ಟಿ ಕಟ್ಟಿಕೊಂಡೆ ಅಂತ. ಅಷ್ಟೆ. ಓದೋಕೆ ಬರ್ದೋಳು ಲೇಖನ ಯಾಕೆ ಕದೀತಾಳೆ? ಗೊತ್ತಿಲ್ದೆ ಮಾಡಿದ್ದಕ್ಕೆ ಕ್ಷಮೆ ಇದೆ. ಮೇಡಮ್ಮೇ ಒಪ್ಪಿದ್ರು."

"ನನಗೆ ಓದೋಕೆ ಬರುತ್ತೆ, ಸಾಹೇಬ್ರೇ."

"ಗೊತ್ತು ಕಣಮ್ಮ, ನನಗೆ ಗೊತ್ತು." ಅವರು ಸ್ವರ ಇಳಿಸಿದರು. "ಅದಕ್ಕೇ ಹೇಳ್ತಿರೋದು. ಅದು ಅವರಿಗೆ ಗೊತ್ತಾಗೋದು ಬೇಡ. ಓದ್ತಾಳೆ ಅಂತಾದ್ರೆ ಕದ್ದಿದ್ದಾಳೆ ಅಂತಲೇ ಆಗುತ್ತೆ. ಬರಲ್ಲ ಅಂದ್ಬಿಡು, ಬಚಾವಾಗ್ತೀಯ."

ಬಶೀರಾ ಶಾಯಿಯ ಡಬ್ಬಿಯನ್ನೇ ನೋಡುತ್ತ ನಿಂತಳು. ಹಿಂದಿನ ಬೆಂಚು, ಬಾಗಿಲ ಹತ್ತಿರ, ಮನೆ. ನಲವತ್ತು ದಾಟಿ ಬೆರಳಿಟ್ಟು ಕಲಿತ ಒಂದೊಂದು ಅಕ್ಷರ. ಅದನ್ನೂ ವಾಪಸು ಕೇಳುತ್ತಿದ್ದಾರೆ ಇವರು. ಮೈ ತಡಕಿದ್ದು ಸಾಲಲಿಲ್ಲ. ತಲೆಗೂದಲು ಕೆದಕಿದ್ದು ಸಾಲಲಿಲ್ಲ. ತಲೆಯೊಳಗೆ ಇರುವುದನ್ನೂ ಇಟ್ಟು ಹೋಗು ಅನ್ನುತ್ತಿದ್ದಾರೆ.

"ಒತ್ತಲ್ಲ," ಅಂದಳು.

"ಹಟ ಮಾಡ್ಬೇಡ. ನಾಳೆ ಮಧ್ಯಾಹ್ನದವರೆಗೆ ಟೈಮು ಕೊಟ್ಟಿದ್ದಾರೆ. ಇಲ್ಲಾಂದ್ರೆ ಕೆಲಸ ಹೋಗುತ್ತೆ. ನಿನ್ನ ವಯಸ್ಸಿಗೆ, ನಿನ್ನ..." ಸಬ್ರಿ ಸಾಹೇಬರು ತಡವರಿಸಿದರು.

"ನನ್ನ ಬಣ್ಣಕ್ಕೆ ಅನ್ನಿ. ಹೇಳಿ, ಪರವಾಗಿಲ್ಲ. ನಾನು ಬೆರಳು ಸವೆಸಿ ಕಲಿತಿದ್ದೀನಿ ಸಾಹೇಬ್ರೇ. ನೀವು ಕೊಟ್ಟ ಕೆಲಸ ಹೋದ್ರೂ ಹೋಗ್ಲಿ, ಅದನ್ನ ಮಾತ್ರ ಬರಲ್ಲ ಅನ್ನಲ್ಲ."

ಆ ಸಂಜೆ ಗೂಡಿನಲ್ಲಿ ಉಮ್ಮ್ ಕರ್ರಾರ್ ಎರಡೆರಡು ಸಲ ತಡಕಿದಳು. ಮೇಲಿಂದ ಹೇಳಿದ್ದಾರೆ, ನಾನೇನು ಮಾಡ್ಲಿ ತಂಗಿ ಅಂದಳು. ಬಶೀರಾ ಚಹಾ ಬೇಡ ಅಂದು ಹೋದಳು.

ಮರುದಿನ ಬೆಳಿಗ್ಗೆ ಎಂದಿನಂತೆ ಬಂದಳು. ಬೀಗ ತೆಗೆದಳು. ಕಬ್ಬಿಣದ ಬಾಗಿಲನ್ನು ಎರಡೂ ಕಡೆ ಹಾರು ಹೊಡೆದಳು. ಬೀಗ ಬೀಗದಕೈ ಎರಡನ್ನೂ ಮೇಜಿನ ಮೇಲಿಟ್ಟಳು. ಇದ್ದಬದ್ದ ಬಲ್ಬುಗಳನ್ನೆಲ್ಲ ಹಾಕಿದಳು. ಒದ್ದೆ ಬಟ್ಟೆ ಹಿಂಡಿ ಮೆಟ್ಟಿಲು ಒರೆಸಿದಳು, ಬರುವವರು ಜಾರಬಾರದು. ಆಮೇಲೆ ತನ್ನ ಸ್ಟೂಲಿನ ಮೇಲೆ ಕೂತಳು.

ಬುಟ್ಟಿ ಇಳಿಯಿತು. ಗಂಟೆ ಬಡಿಯಿತು. ಬಶೀರಾ ಏಳಲಿಲ್ಲ. ಮತ್ತೆ ಬಡಿಯಿತು. ಮೇಲಿನಿಂದ ಹಗ್ಗವನ್ನು ದನ ಎಳೆದ ಹಾಗೆ ಎಳೆಯುತ್ತಿದ್ದರು. ಅವಳು ಎದ್ದು ಹೋಗಿ, ಎಡಗೈಯಲ್ಲಿ ಬುಟ್ಟಿ ಹಿಡಿದು, ಹಗ್ಗದ ಗಂಟು ಬಿಚ್ಚಿದಳು. ಬುಟ್ಟಿಯನ್ನು ನೆಲದ ಮೇಲಿಟ್ಟಳು. ಹಗ್ಗ ಹಗುರಾಗಿ ಮೇಲೆ ಹೋಯಿತು, ತುದಿಯಲ್ಲಿ ಏನೂ ಇಲ್ಲದೆ.

ಸಬ್ರಿ ಸಾಹೇಬರು ಮೆಟ್ಟಿಲಿಳಿದು ಓಡಿ ಬಂದರು. "ಏನಾಯ್ತು? ಮೈ ಹುಷಾರಿಲ್ವಾ? ಆ ಹಾಳೆ ವಿಷಯ ಏನ್ಮಾಡಿದೆ?"

"ಭುಜ ಏಳ್ತಿಲ್ಲ ಸಾಹೇಬ್ರೇ. ಇವತ್ತಿನಿಂದ ನಾನು ಹೊರಲ್ಲ. ಬಾಗಿಲು ತೆಗೆದಿದ್ದೀನಿ, ದೀಪ ಹಾಕಿದ್ದೀನಿ. ಬೇಕಾದೋರು ಬಂದು ತಗೊಳ್ಳಲಿ."

"ಇಲ್ಲಿಗೆ ಯಾರೂ ಬರೋ ಹಾಗಿಲ್ಲ!"

"ಎಲ್ಲಿ ಬರೆದಿದೆ?"

ಸಬ್ರಿ ಸಾಹೇಬರು ಯೋಚಿಸಿದರು. ಎಲ್ಲೂ ಬರೆದಿರಲಿಲ್ಲ. ಬೀಗ ಇತ್ತು, ಅಷ್ಟೆ. ಬೀಗ ಇರುವಾಗ ಬರೆಯುವುದು ಯಾಕೆ ಅಂತ ಯಾರೂ ಬರೆದಿರಲಿಲ್ಲ.

ಅವರು ಮಾತಾಡುವಷ್ಟರಲ್ಲಿ ತೈಬಾ ಇಳಿದು ಬಂದಿದ್ದಳು. ಕೊನೆಯ ಮೆಟ್ಟಿಲ ಮೇಲೆ ನಿಂತು, ಬೆಳಕಿನಲ್ಲಿ ಉದ್ದಕ್ಕೆ ಸಾಲುಗಟ್ಟಿದ ಕಪಾಟುಗಳನ್ನು ನೋಡಿದಳು. ಜೋರು ಬಾಯಿಯ ಹುಡುಗಿ ಬಾಯಿ ಕಳೆದುಕೊಂಡು ನಿಂತಳು.

"ಇಷ್ಟೊಂದಾ, ಖಾಲಾ?"

"ಇಷ್ಟೊಂದು. ಎಡಗಡೆ ಗೋಡೆಗೆ ಬೆನ್ನು ಕೊಡಬೇಡ, ಉಪ್ಪು ಅಂಟುತ್ತೆ."

ಅವಳ ಹಿಂದೆ ಇಬ್ಬರು ಬಂದರು, ಅವರ ಹಿಂದೆ ಹತ್ತು ಜನ. ಕಪಾಟುಗಳ ಸಂದಿಯಲ್ಲಿ ಕುಕ್ಕರಗಾಲಲ್ಲಿ ಕೂತರು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದರು, ಒಬ್ಬರಿಗೊಬ್ಬರು ಕರೆದು ತೋರಿಸಿದರು. ಏನು ಬೇಕು ಅಂತ ಗೊತ್ತಿಲ್ಲದೆ ಬಂದವರಿಗೆ ಏನೇನೋ ಸಿಗುತ್ತಿತ್ತು. ಒಬ್ಬ ಹುಡುಗ ತನ್ನ ಊರಿನ ಹಳೆಯ ಪಟ ಸಿಕ್ಕಿತು ಅಂತ ಕುಣಿದಾಡಿದ. ಸಬ್ರಿ ಸಾಹೇಬರು ಮಧ್ಯದಲ್ಲಿ ನಿಂತು ಬೆವರು ಒರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಅವರೂ ಒಂದು ಸಂಪುಟ ಎಳೆದು ನಿಂತಲ್ಲೇ ಓದತೊಡಗಿದರು. ಅವರಿಗೂ ಇಷ್ಟು ವರ್ಷದಲ್ಲಿ ಇಲ್ಲಿಗೆ ಬರುವ ಪ್ರಮೇಯ ಬಂದಿರಲಿಲ್ಲ.

ಮಧ್ಯಾಹ್ನ ಆಯಿತು. ಹೆಬ್ಬೆಟ್ಟಿನ ಹಾಳೆಯೂ ಶಾಯಿಯ ಡಬ್ಬಿಯೂ ಮಹಡಿಯಲ್ಲಿ ಎಲ್ಲೋ ಕಾದವು. ಬಶೀರಾ ಸಮೂನ್ ರೊಟ್ಟಿ ಮುರಿದು, ಕರಿದ ಮೀನಿನ ಜೊತೆ ಬಾಗಿಲ ಹತ್ತಿರ ಕೂತು ತಿಂದಳು. ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದಳು. ಎಂದಿನಿಂದಲೂ ಬಟ್ಟೆಯಲ್ಲೇ.

ಊಟ ಮುಗಿಸಿ ಕೈ ತೊಳೆಯುವಾಗ ಹಿಮ್ಮಡಿ ಎತ್ತರದ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ಇಬ್ತಿಹಾಲ್ ಮೇಡಂ. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು.

"ಇದೇನು ಸಂತೆ? ನನ್ನ ಚೀಟಿ ಬೆಳಿಗ್ಗೆಯೇ ಬುಟ್ಟಿಯಲ್ಲಿ ಇಳಿದಿದೆ. ನಾಳೆ ಬಾಗ್ದಾದಿನಲ್ಲಿ ನನ್ನ ಭಾಷಣ ಇದೆ ಅನ್ನೋದು ಗೊತ್ತಾ ನಿನಗೆ?"

"ಚೀಟಿ ನೋಡಿದೆ ಮೇಡಂ. ಮೂರನೇ ಸಾಲು. ಕೆಳಗಿನ ಖಾನೆ. ಬಗ್ಗಿ ತಗೋಬೇಕು."

"ನಾನು ತಗೋಬೇಕಾ?"

"ಯಾರಿಗೆ ಬೇಕೋ ಅವರು."

ಮೇಡಂ ಸಬ್ರಿ ಸಾಹೇಬರ ಕಡೆ ನೋಡಿದರು. ಸಬ್ರಿ ಸಾಹೇಬರು ಓದುತ್ತಿದ್ದ ಪುಟವನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ಹುಡುಗ ಹುಡುಗಿಯರು ತಲೆ ಎತ್ತಿ ನೋಡುತ್ತಿದ್ದರು. ಮೇಡಂ ತುಟಿ ಕಚ್ಚಿಕೊಂಡು ಮೂರನೇ ಸಾಲಿಗೆ ಹೋದರು, ಬಗ್ಗಿದರು, ಎಳೆದರು. ಸಂಪುಟ ಎತ್ತುವಾಗ ಬಾಯಿಂದ "ಅಮ್ಮಾ" ಅಂತ ಬಂತು. ಎದೆಗೆ ಅವಚಿಕೊಂಡು ಮೆಟ್ಟಿಲು ಹತ್ತಿದರು. ಅರ್ಧಕ್ಕೆ ನಿಂತು ಏದುಸಿರು ಬಿಟ್ಟದ್ದು ಕೆಳಗೆ ಎಲ್ಲರಿಗೂ ಕೇಳಿಸಿತು.

"ನಾಳೆಯಿಂದ ನೀನು ಇಲ್ಲಿರಲ್ಲ," ಅಂದರು ಮೇಲಿನಿಂದ.

ಬಶೀರಾಗೆ ಅದು ಬೆಳಿಗ್ಗೆಯೇ ಗೊತ್ತಿತ್ತು.

ಸಂಜೆ ದೀಪ ಆರಿಸಿ ಗೇಟಿನ ಹತ್ತಿರ ಬಂದಳು. ಉಮ್ಮ್ ಕರ್ರಾರ್ ಪರದೆ ಸರಿಸಿ ಹಿಡಿದಳು. ಬಶೀರಾ ಒಳಗೆ ಹೋಗಲಿಲ್ಲ.

"ಬಾರೇ ತಂಗಿ, ಬೇಗ ಮುಗಿಸ್ತೀನಿ. ಸೆಖೆಗೆ ನಾನೂ ಸತ್ತೋಗಿದ್ದೀನಿ."

"ಬರ್ತೀನಿ. ಮೊದಲು ಒಂದು ಹೇಳು. ನಿನ್ನ ನೆತ್ತಿ ಮೇಲೆ ಬೋರ್ಡಿದೆಯಲ್ಲ, ಅದರಲ್ಲಿ ಏನಿದೆ?"

ಉಮ್ಮ್ ಕರ್ರಾರ್ ಮೇಲೆ ನೋಡಿದಳು, ಹೊಸದಾಗಿ ಕಂಡವಳ ಹಾಗೆ. "ನನಗೆ ಓದೋಕೆ ಎಲ್ಲಿ ಬರುತ್ತೆ? ಕೆಲಸಕ್ಕೆ ಸೇರಿದ ದಿನ ಹೇಳಿದ್ರು. ನೆಲಮಾಳಿಗೆಯ ಆ ಕರಿಯಳನ್ನ ಹುಡುಕದೆ ಬಿಡಬೇಡ ಅಂತ ಬರೆದಿದೆಯಂತೆ."

"ಹಾಗಂದ್ರಾ?"

"ಹೂಂ ಮತ್ತೆ. ನಿನ್ನ ಹೆಸರೇ ಇದೆ ಅಂದ್ಕೊಂಡಿದ್ದೆ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಬಶೀರಾ ಓದುವುದು ಬಂದ ಮೇಲೆ ಆ ಬೋರ್ಡನ್ನು ಎಷ್ಟು ಸಲ ಓದಿದ್ದಳೋ. ಅದರ ಕೆಳಗೆ ನಿಂತು ಹುಡುಕುವವಳು ಅದನ್ನು ಓದಿಯೇ ಇಲ್ಲ ಅನ್ನುವುದು ಇವತ್ತೇ ಗೊತ್ತಾದದ್ದು.

ಬಶೀರಾ ಬೆರಳೆತ್ತಿದಳು, ಎಡಗೈಯದು. ಒಂದೊಂದೇ ಪದಕ್ಕೆ ಬೆರಳು ತೋರಿಸುತ್ತ ಗಟ್ಟಿಯಾಗಿ ಓದಿದಳು.

"ನೆಲಮಾಳಿಗೆಗೆ ಇಳಿದವರೆಲ್ಲರೂ ಹೊರಗೆ ಹೋಗುವಾಗ ತಪಾಸಣೆಗೆ ಒಳಗಾಗತಕ್ಕದ್ದು."

"ಆಮೇಲೆ?"

"ಅಷ್ಟೆ."

"ನಿನ್ನ ಹೆಸರು?"

"ಇಲ್ಲ. ಕರಿಯಳು ಅಂತಲೂ ಇಲ್ಲ. ಇಳಿದವರೆಲ್ಲ ಅಂತ ಇದೆ."

ಉಮ್ಮ್ ಕರ್ರಾರ್ ಹಿಡಿದಿದ್ದ ಪರದೆಯನ್ನು ಬಿಟ್ಟಳು. ಅವಳ ದಪ್ಪ ಮುಖ ನಿಧಾನಕ್ಕೆ ಕೆಂಪಾಯಿತು. "ಅಲ್ಲ, ಇಷ್ಟು ವರ್ಷ ನನ್ನ ಕೈಲಿ ನಿನ್ನ ಕಂಕುಳಿಗೆ ಕೈ ಹಾಕಿಸಿದ್ರಲ್ಲ ಬಡ್ಡಿಮಕ್ಕಳು," ಅಂದಳು. "ಬೋರ್ಡಿನ ಹೆಸರು ಹೇಳಿ, ನನ್ನನ್ನೂ ಕತ್ತೆ ಮಾಡಿದ್ರಲ್ಲ. ಇವತ್ತು ಯಾರ್ಯಾರು ಇಳಿದಿದ್ರು?"

"ನಾನು ಇಳಿದಿದ್ದೆ," ಅಂದಳು ತೈಬಾ ಹಿಂದಿನಿಂದ. ಬ್ಯಾಗನ್ನು ತಾನೇ ತೆರೆದು ಹಿಡಿದಿದ್ದಳು. ಅವಳ ಹಿಂದೆ ಇನ್ನಷ್ಟು ಹುಡುಗಿಯರು. ಗೇಟಿನ ಆ ಕಡೆ ಗಂಡಸು ಕಾವಲುಗಾರನ ಮುಂದೆ ಹುಡುಗರು ಸಾಲು ನಿಂತರು. ಅವರ ಮಧ್ಯೆ ಸಬ್ರಿ ಸಾಹೇಬರೂ ಇದ್ದರು. ಯಾರೂ ಕೇಳದೆಯೇ ಜೇಬು ಹೊರಗೆಳೆದುಕೊಂಡು ನಿಂತಿದ್ದರು, ಕರವಸ್ತ್ರ ನೇತಾಡುತ್ತಿತ್ತು.

ಇಬ್ತಿಹಾಲ್ ಮೇಡಂ ಬಂದರು. ಹೊರಗೆ ಕಾರು ಕಾಯುತ್ತಿತ್ತು. ಸಾಲನ್ನು ದಾಟಿ, ಎಂದಿನಂತೆ, ನೇರ ಗೇಟಿಗೆ ನಡೆದರು. ಉಮ್ಮ್ ಕರ್ರಾರ್ ಅಡ್ಡ ನಿಂತಳು. ಅವಳು ಅಡ್ಡ ನಿಂತರೆ ಗೇಟಿನಲ್ಲಿ ಗಾಳಿಗೂ ಜಾಗ ಉಳಿಯುತ್ತಿರಲಿಲ್ಲ.

"ಮೇಡಂ, ಒಳಗೆ ಬನ್ನಿ."

"ಏನು?"

"ನೀವು ಇವತ್ತು ನೆಲಮಾಳಿಗೆಗೆ ಇಳಿದಿದ್ರಂತೆ. ಎಲ್ಲರೂ ನೋಡಿದ್ದಾರೆ."

"ನಾನು ಯಾರು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು ಮೇಡಂ. ಬಶೀರಾ ಯಾರು ಅಂತಲೂ ಗೊತ್ತಿತ್ತು ನನಗೆ. ಆದ್ರೂ ಹುಡುಕಲಿಲ್ವಾ ಇಷ್ಟು ವರ್ಷ?"

ಮೇಡಂ ಸಬ್ರಿ ಸಾಹೇಬರನ್ನು ಕೂಗಿದರು. ಸಬ್ರಿ ಸಾಹೇಬರು ನೇತಾಡುವ ಜೇಬುಗಳ ಜೊತೆ ಎರಡು ಹೆಜ್ಜೆ ಮುಂದೆ ಬಂದರು. ಗಂಟಲು ಸರಿ ಮಾಡಿಕೊಂಡರು. "ಬೋರ್ಡಿನಲ್ಲಿ ಹಾಗೇ ಇದೆ ಮೇಡಂ," ಅಂದರು. "ಹಿಂದೆ ಲೈಬ್ರರಿ ಸಮಿತಿಯಲ್ಲಿದ್ದಾಗ ಬರೆಸಿದವರು ನೀವೇ. ಇಳಿದವರೆಲ್ಲ ಅಂತ ಹಾಕಿಸಿದ್ರಿ, ಒಬ್ಬರ ಹೆಸರು ಹಾಕೋದು ಮರ್ಯಾದೆ ಅಲ್ಲ ಅಂತ."

ಯಾರೂ ನಗಲಿಲ್ಲ. ಸಾಲು ಅಲುಗಲಿಲ್ಲ. ಹೊರಗೆ ಕಾರು ಎರಡು ಸಲ ಹಾರನ್ನು ಹೊಡೆದು ಸುಮ್ಮನಾಯಿತು. ಮೇಡಂ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಂತರು, ಆಮೇಲೆ ಯಾರ ಮುಖವನ್ನೂ ನೋಡದೆ ಗೂಡಿನೊಳಗೆ ಹೋದರು.

ಪರದೆ ಬಿತ್ತು. ಬಶೀರಾ ಹೊರಗೆ ಪರದೆಗೆ ಆತುಕೊಂಡ ಹಾಗೆ ನಿಂತಿದ್ದಳು. ಒಳಗಿನದು ಪ್ರತಿಯೊಂದೂ ಕೇಳುತ್ತಿತ್ತು. ಬ್ಯಾಗಿನ ಜಿಪ್ಪು. ಬೀಗದಕೈ ಗೊಂಚಲು. ಬಿಸ್ಕತ್ತಿನ ಪೊಟ್ಟಣದ ಚರಪರ. ಕಾಗದಗಳನ್ನು ಒಂದೊಂದಾಗಿ ಮಗುಚಿದ ಸದ್ದು. ಏನೂ ಸಿಗಲಿಲ್ಲ. ಬಶೀರಾಳ ಹತ್ತಿರವೂ ಯಾವತ್ತೂ ಏನೂ ಸಿಕ್ಕಿರಲಿಲ್ಲ. ಸಿಗುವುದಕ್ಕಾಗಿ ಹುಡುಕುವುದಲ್ಲ ಅಂತ ಅವಳಿಗೆ ಮೊದಲಿಂದ ಗೊತ್ತಿತ್ತು. ಈಗ ಒಳಗಿರುವವರಿಗೂ ಗೊತ್ತಾಗುತ್ತಿತ್ತು.

"ಆಯ್ತಲ್ಲ," ಅಂತ ಮೇಡಂ ಅಂದದ್ದು ಕೇಳಿಸಿತು. ಧ್ವನಿ ಒಡೆದಿತ್ತು. "ಬಿಡು ಇನ್ನು."

"ಬ್ಯಾಗು ಆಯ್ತು ಮೇಡಂ. ಕೈ ಎತ್ತಿ."

ಬಟ್ಟೆ ಸರಿದ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ ಉಮ್ಮ್ ಕರ್ರಾರಳ ಧ್ವನಿ, ದಿನದಿನವೂ ಇದ್ದ ಹಾಗೆಯೇ, ಜೋರೂ ಇಲ್ಲದೆ, ಕೋಪವೂ ಇಲ್ಲದೆ.

"ಇನ್ನೂ ಮೇಲೆ."